ಶಿಶುವಿಹಾರಕ್ಕೆ ಅನುದಾನ: ಕೇಳುವವರೂ ಕೊಡುವವರೂ

ವಿದ್ಯಾಸಂಸ್ಥೆಗಳ ಸ್ಮರಣ ಸಂಚಿಕೆಗಳನ್ನು ತೆರೆದು ನೋಡುವವರಿಗೆ ಕೊನೆಯ ಪುಟಗಳಲ್ಲಿ ದಾನಿಗಳ ನಾಮಾವಳಿಯೊಂದು ಕಾಣಸಿಗುವುದು ವಾಡಿಕೆ. ತಂದೆತಾಯಿಗಳ ಸ್ಮರಣಾರ್ಥವಾಗಿ ತರಗತಿಯ ಕೊಠಡಿಯೊಂದನ್ನು ಕಟ್ಟಿಸಿಕೊಟ್ಟವರು, ಮಹಾದ್ವಾರದ ಕಮಾನನ್ನು ನಿರ್ಮಿಸಿಕೊಟ್ಟವರು, ಗ್ರಂಥಾಲಯಕ್ಕೆ ಕಪಾಟುಗಳನ್ನೂ ಪ್ರಾರ್ಥನಾ ಮಂದಿರಕ್ಕೆ ಧ್ವನಿವರ್ಧಕವನ್ನೂ ಕೊಡಮಾಡಿದವರು, ಕೊಳವೆ ಬಾವಿ ತೋಡಿಸಿದವರು—ಹೀಗೆ ಆ ಪಟ್ಟಿ ಸಾಗುತ್ತದೆ. ಇವೆಲ್ಲವೂ ಸ್ತುತ್ಯವಾದ ಕಾರ್ಯಗಳೇ ಸರಿ. ಆದರೆ 'ಶಿಶುವಿಹಾರದ ಉಪಾಧ್ಯಾಯಿನಿಯ ಒಂದು ವರ್ಷದ ವೇತನ' ಎಂದಾಗಲಿ, 'ಮೂರರಿಂದ ಆರು ವರ್ಷದ ಮಕ್ಕಳಿಗೆ ಒಂದು ವರ್ಷದ ಹಾಲು' ಎಂದಾಗಲಿ ಅಚ್ಚಾದ ಸಾಲು ಅಂಥ ಪಟ್ಟಿಗಳಲ್ಲಿ ಬಲು ವಿರಳ. ದಾನಿಗಳ ಮನಸ್ಸು ಸಣ್ಣದೆಂದು ಇದರ ಅರ್ಥವಲ್ಲ. ಅವರ ಮನೆಬಾಗಿಲಿಗೆ ಹೋದವರು ಏನನ್ನು ಕೇಳಿದರು ಎಂಬುದನ್ನು ಮೊದಲು ವಿಚಾರಿಸಬೇಕು. ಕಟ್ಟಡಕ್ಕೆಂದು ಕೇಳಿದವರು ಬಹಳ. ಕೂಸಿಗೆಂದು ಕೇಳಿದವರು ಕಡಮೆ.

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆಯನ್ನು ಶಾಲಾ ವಾರ್ಷಿಕೋತ್ಸವದ ವೇದಿಕೆಯ ಮೇಲೆ ಹೇಳದ ಭಾಷಣಕಾರನಿಲ್ಲ. ಆಯವ್ಯಯ ಪತ್ರಿಕೆಯಲ್ಲಿ ಮಾತ್ರ ನೀರೆರೆಯುವುದು ಮರಕ್ಕೇ. ಮಹಾವಿದ್ಯಾಲಯಕ್ಕೆ ಅತಿ ಹೆಚ್ಚು, ಪ್ರೌಢಶಾಲೆಗೆ ಅದಕ್ಕಿಂತ ಕಡಮೆ, ಪ್ರಾಥಮಿಕಕ್ಕೆ ಇನ್ನೂ ಕಡಮೆ, ಶಿಶುವಿಹಾರಕ್ಕೆ ಉಳಿದದ್ದು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಮಗುವಿನ ಮೆದುಳಿನ ಒಟ್ಟು ಬೆಳವಣಿಗೆಯಲ್ಲಿ ಶೇಕಡಾ 85ಕ್ಕೂ ಮಿಕ್ಕ ಭಾಗವು ಆರು ವರ್ಷ ತುಂಬುವುದರೊಳಗಾಗಿಯೇ ನಡೆಯುತ್ತದೆಂದು ಹೇಳಿ, ಒಂದನೆಯ ತರಗತಿಗೆ ಹಿಂದಿನ ಮೂರು ವರ್ಷಗಳನ್ನು ಶಾಲಾ ಶಿಕ್ಷಣದ ತಳಹದಿಯ ಹಂತದಲ್ಲಿಯೇ ಸೇರಿಸಿತು. ನೀತಿಯೇನೋ ಬದಲಾಯಿತು, ಅದಕ್ಕೆ ತಕ್ಕ ದ್ರವ್ಯವು ಎಲ್ಲಿಂದ ಬರಬೇಕೆಂಬ ಪ್ರಶ್ನೆ ಹಾಗೆಯೇ ಉಳಿದಿದೆ.

ಈ ಪ್ರಶ್ನೆಯ ಬೇರು ಸಂವಿಧಾನದ ಒಂದು ವಿಧಿಯವರೆಗೂ ಹೋಗುತ್ತದೆ. 1950ರಲ್ಲಿ ಜಾರಿಗೆ ಬಂದ ಮೂಲಪಾಠದ 45ನೆಯ ವಿಧಿಯು ಹದಿನಾಲ್ಕು ವರ್ಷ ತುಂಬುವವರೆಗಿನ ಎಲ್ಲ ಮಕ್ಕಳಿಗೂ ಹತ್ತು ವರ್ಷಗಳೊಳಗೆ ಉಚಿತವೂ ಕಡ್ಡಾಯವೂ ಆದ ಶಿಕ್ಷಣವನ್ನು ಒದಗಿಸಲು ಪ್ರಯತ್ನಿಸಬೇಕೆಂದು ರಾಜ್ಯಕ್ಕೆ ನಿರ್ದೇಶಿಸಿತ್ತು. ಕೆಳಗಿನ ವಯೋಮಿತಿಯನ್ನು ಅಲ್ಲಿ ಹೇಳಿರಲಿಲ್ಲವಾಗಿ, ಮೂರು ವರ್ಷದ ಕೂಸೂ ಆ ಮಾತಿನ ನೆರಳಿನಲ್ಲಿತ್ತು. 2002ರ 86ನೆಯ ತಿದ್ದುಪಡಿಯು ಆರರಿಂದ ಹದಿನಾಲ್ಕು ವರ್ಷದವರಿಗೆ ಶಿಕ್ಷಣವನ್ನು ಮೂಲಭೂತ ಹಕ್ಕನ್ನಾಗಿ ಮಾಡಿತು. ಇದು ಚರಿತ್ರಾರ್ಹವಾದ ಕಾರ್ಯ. ಆದರೆ ಆರರ ಕೆಳಗಿನವರು ಹಕ್ಕಿನ ಹೊರಗೆ, ಪ್ರಯತ್ನದ ಮಾತಿನೊಳಗೇ ಉಳಿದರು. 2009ರ ಶಿಕ್ಷಣ ಹಕ್ಕು ಅಧಿನಿಯಮದ 11ನೆಯ ಪ್ರಕರಣವು ಮೂರು ವರ್ಷ ಮೀರಿದ ಮಕ್ಕಳ ಪೂರ್ವಪ್ರಾಥಮಿಕ ಶಿಕ್ಷಣಕ್ಕೆ ಸರಕಾರವು ಏರ್ಪಾಟು ಮಾಡಬಹುದು ಎನ್ನುತ್ತದೆ. 'ಮಾಡತಕ್ಕದ್ದು' ಎಂಬುದಕ್ಕೂ 'ಮಾಡಬಹುದು' ಎಂಬುದಕ್ಕೂ ಇರುವ ಅಂತರವನ್ನು ಪ್ರೌಢಶಾಲೆಯ ವ್ಯಾಕರಣದ ತರಗತಿಯಲ್ಲಿ ಕಲಿಸಲಾಗುತ್ತದೆ. ಆ ಅಂತರದ ಬೆಲೆಯನ್ನು ತೆರುತ್ತಿರುವವರು ಇನ್ನೂ ಅಕ್ಷರವನ್ನೇ ಅರಿಯದ ಮಕ್ಕಳು.

ಸರಕಾರವು ಕೈಕಟ್ಟಿ ಕುಳಿತಿತ್ತೆಂದು ಹೇಳುವುದು ನ್ಯಾಯವಾಗದು. 1953ರಲ್ಲಿ ದುರ್ಗಾಬಾಯಿ ದೇಶಮುಖರ ಅಧ್ಯಕ್ಷತೆಯಲ್ಲಿ ಸ್ಥಾಪಿತವಾದ ಕೇಂದ್ರ ಸಮಾಜ ಕಲ್ಯಾಣ ಮಂಡಳಿಯು ಸ್ವಯಂಸೇವಾ ಸಂಸ್ಥೆಗಳು ನಡೆಸುತ್ತಿದ್ದ ಬಾಲವಾಡಿಗಳಿಗೆ ಸಹಾಯಧನ ನೀಡಿತು. 1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು ದೇಶದ 33 ಕಡೆಗಳಲ್ಲಿ ಆರಂಭವಾದಾಗ, ಕರ್ನಾಟಕದಲ್ಲಿ ಅದಕ್ಕೆ ಆಯ್ಕೆಯಾದದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ. ಅಲ್ಲಿ ನೂರು ಅಂಗನವಾಡಿಗಳಿಂದ ಮೊದಲಾದ ಆ ಕಾರ್ಯವು ಇಂದು ರಾಜ್ಯದಲ್ಲಿ 65,000ಕ್ಕೂ ಮೇಲ್ಪಟ್ಟು ಕೇಂದ್ರಗಳಾಗಿ ಹರಡಿದೆ. ಅಂಗನವಾಡಿ ಎಂಬ ಹೆಸರಿನ ವಿಷಯದಲ್ಲಿ ಒಂದು ಮಾತನ್ನು ಹೇಳಬಹುದು. ಅಂಗಳವೆಂಬ ಅರ್ಥದ 'ಅಂಗಣ'ವೇ ಅದರ ಮೂಲ. 'ಅಂಗನಾ' ಎಂದರೆ ಸ್ತ್ರೀ ಎಂದು ತಿಳಿದು ಅರ್ಥ ಮಾಡುವವರೂ ಉಂಟು. ವ್ಯುತ್ಪತ್ತಿ ತಪ್ಪಾದರೂ ವಸ್ತುಸ್ಥಿತಿ ತಪ್ಪಲ್ಲ, ಏಕೆಂದರೆ ಆ ಮಹತ್ಕಾರ್ಯವೆಲ್ಲ ಅಲ್ಪ ಗೌರವಧನಕ್ಕೆ ದುಡಿಯುವ ಸ್ತ್ರೀಯರ ಹೆಗಲ ಮೇಲೆಯೇ ನಿಂತಿದೆ. ಕೇಂದ್ರ ಸರಕಾರವು 2018ರಲ್ಲಿ ಕಾರ್ಯಕರ್ತೆಯ ಮಾಸಿಕ ಗೌರವಧನವನ್ನು 4,500 ರೂಪಾಯಿಗಳಿಗೆ ಏರಿಸಿತು. ರಾಜ್ಯಗಳು ತಮ್ಮ ಪಾಲನ್ನು ಅದಕ್ಕೆ ಸೇರಿಸಿ ಕೊಡುತ್ತವೆ. ಮೂರರಿಂದ ಆರು ವರ್ಷದ ಮಗುವಿನ ದಿನದ ಪೂರಕ ಆಹಾರಕ್ಕೆ 2017ರ ಪರಿಷ್ಕರಣದಲ್ಲಿ ಗೊತ್ತುಪಡಿಸಿದ ದರ 8 ರೂಪಾಯಿ. ಅದರಲ್ಲಿ 500 ಕ್ಯಾಲೊರಿ ಶಕ್ತಿಯೂ 12ರಿಂದ 15 ಗ್ರಾಂ ಪ್ರೋಟೀನೂ ದೊರೆಯಬೇಕೆಂಬುದು ಆಗಿನ ವಿಧಿಯಾಗಿತ್ತು.

ಆ 'ಅಂಗಣ'ದ ಕಲ್ಪನೆಯ ಹಿಂದಿರುವ ಮಹನೀಯರನ್ನು ಇಲ್ಲಿ ಸ್ಮರಿಸಬೇಕು. ಗಿಜುಭಾಯಿ ಬಧೇಕಾ ಅವರು 1920ರಲ್ಲಿ ಭಾವನಗರದಲ್ಲಿ ಬಾಲಮಂದಿರವನ್ನು ತೆರೆದರು. ಅವರೊಡನೆ ದುಡಿದ ತಾರಾಬಾಯಿ ಮೋಡಕರು ಮುಂದೆ ಮಹಾರಾಷ್ಟ್ರದ ಬೋರ್ಡಿಯಲ್ಲಿಯೂ ತರುವಾಯ ಕೋಸಬಾಡ ಗುಡ್ಡದಲ್ಲಿಯೂ ಅನುತಾಯಿ ವಾಘ್ ಅವರೊಡಗೂಡಿ ಆದಿವಾಸಿ ಮಕ್ಕಳಿಗಾಗಿ ಕೆಲಸ ಮಾಡಿದರು. ಬಾಲವಾಡಿಗೆ ಮಕ್ಕಳು ಬಾರದಿದ್ದಾಗ ಅವರು ಬಾಲವಾಡಿಯನ್ನೇ ಮಕ್ಕಳ ಮನೆಯಂಗಳಕ್ಕೆ ಕೊಂಡೊಯ್ದರು. ಮಾಂಟೆಸೊರಿಯವರ ಪದ್ಧತಿಯನ್ನು ದುಬಾರಿ ಸಾಮಗ್ರಿಗಳಿಂದ ಬಿಡಿಸಿ, ಬೀಜ, ಕಾಯಿ, ಬೆಣಚುಕಲ್ಲು, ಎಲೆಗಳಿಂದಲೇ ನಡೆಸಿದರು. ಅನುದಾನಕ್ಕೆ ಅರ್ಜಿ ಬರೆಯುವ ಇಂದಿನ ಸಂಸ್ಥೆಗಳು ಈ ಒಂದು ಸಂಗತಿಯನ್ನು ಮನನ ಮಾಡಿದರೆ, ಅರ್ಜಿಯಲ್ಲಿ ಪ್ಲಾಸ್ಟಿಕ್ಕಿನ ಜಾರುಬಂಡೆಯ ಬೆಲೆಯನ್ನು ಮೊದಲು ಬರೆದು ಉಪಾಧ್ಯಾಯಿನಿಯ ತರಬೇತಿಯ ವೆಚ್ಚವನ್ನು ಕೊನೆಗೆ ಬರೆಯುವ ಅಭ್ಯಾಸವು ತಪ್ಪೀತು.

ಇನ್ನು ಕಟುವಾದರೂ ಆಡಲೇಬೇಕಾದ ಮಾತೊಂದಿದೆ. ನಾಡಿನ ಹಲವಾರು ಊರುಗಳಲ್ಲಿ, ಮಠಮಾನ್ಯಗಳ ಆಶ್ರಯದ ಶಾಲೆಗಳನ್ನೂ ಸೇರಿಸಿಕೊಂಡು, ಒಂದು ವಿಪರ್ಯಾಸವು ಬೇರೂರಿದೆ. ಪ್ರೌಢಶಾಲೆಯ ಉಪಾಧ್ಯಾಯರಿಗೆ ಸರಕಾರದ ವೇತನಾನುದಾನವುಂಟು. ಶಿಶುವಿಹಾರದ ಉಪಾಧ್ಯಾಯಿನಿಗೆ ಸಾಮಾನ್ಯವಾಗಿ ಆ ಭಾಗ್ಯವಿಲ್ಲ. ಹೀಗಿರಲು, ಎಲ್.ಕೆ.ಜಿ., ಯು.ಕೆ.ಜಿ. ಎಂಬ ಹೆಸರಿನ ತರಗತಿಗಳನ್ನು ಆಂಗ್ಲಮಾಧ್ಯಮದಲ್ಲಿ ತೆರೆದು, ಅವುಗಳ ಶುಲ್ಕದಿಂದ ಬಂದ ಉಳಿತಾಯವನ್ನು ಮೇಲಿನ ತರಗತಿಗಳ ಕೊರತೆ ತುಂಬಲು ಬಳಸುವ ಪದ್ಧತಿ ಹುಟ್ಟಿಕೊಂಡಿತು. ಸಂಸ್ಥೆಯನ್ನು ಪೋಷಿಸಬೇಕಾದ ಹೊರೆ ನಾಲ್ಕು ವರ್ಷದ ಮಗುವಿನ ಮೇಲೆ ಬಿತ್ತು. ಶುಲ್ಕ ತೆರಲಾರದ ಕೂಲಿಯವರ, ಹಮಾಲರ, ಬೀಡಿ ಕಟ್ಟುವವರ ಮಕ್ಕಳು ಅದೇ ಆವರಣದ ಗೋಡೆಯಾಚೆಗಿನ ಒಂದೇ ಕೋಣೆಯ ಅಂಗನವಾಡಿಯಲ್ಲಿ ಕುಳಿತರು. ಅಲ್ಲಿ ತೂಕ ನೋಡುವುದು, ಆಹಾರ ಹಂಚುವುದು, ಸಮೀಕ್ಷೆಗೆ ಹೋಗುವುದು, ದಾಖಲೆ ತುಂಬುವುದು ಎಲ್ಲವೂ ಒಬ್ಬಳೇ ಕಾರ್ಯಕರ್ತೆಯ ಪಾಲಿಗೆ. ಕಥೆ ಹೇಳಲು, ಹಾಡಿಸಲು ಉಳಿದ ವೇಳೆ ಅತ್ಯಲ್ಪ. ಆರು ವರ್ಷ ತುಂಬಿದ ಮೇಲೆ ಈ ಇಬ್ಬರು ಮಕ್ಕಳೂ ಒಂದೇ ಶಾಲೆಯ ಒಂದನೆಯ ತರಗತಿಗೆ ಬಂದು ಸೇರಿದರೆ, ಅವರ ನಡುವಣ ಅಂತರವನ್ನು ಯಾವ ಉಪಾಧ್ಯಾಯನೂ ಹತ್ತು ವರ್ಷಗಳಲ್ಲಿ ತುಂಬಲಾರದೆ ಹೋಗುವುದುಂಟು. ಆಗ ಮಗು ದಡ್ಡನೆಂದು ಹೇಳಿಬಿಡುವುದು ಸುಲಭ. ಜಾತಿಮತಗಳ ಭೇದವಿಲ್ಲದೆ ಅನ್ನ ಅರಿವುಗಳನ್ನು ಹಂಚುವುದಕ್ಕೆಂದು ಹುಟ್ಟಿದ ಪರಂಪರೆಗೆ ಈ ಗೋಡೆ ಒಪ್ಪತಕ್ಕದ್ದಲ್ಲ.

ಹಾಗಾದರೆ ಧನವೆಲ್ಲಿ? 'ಅನುದಾನ' ಎಂಬ ಶಬ್ದದಲ್ಲಿರುವ 'ಅನು' ಎಂಬ ಉಪಸರ್ಗಕ್ಕೆ 'ಹಿಂದೆ', 'ಅನುಸರಿಸಿ' ಎಂಬ ಅರ್ಥಗಳಿವೆ: ಅನುಚರ, ಅನುಗಮನ ಇತ್ಯಾದಿ. ಕಾರ್ಯವು ಮುಂದೆ ನಡೆದರೆ ದಾನವು ಹಿಂದೆ ಬರುತ್ತದೆಂಬ ಧ್ವನಿ ಆ ಶಬ್ದದಲ್ಲಿಯೇ ಇದೆ. (ಸರಕಾರಿ ಕಚೇರಿಗಳಲ್ಲಿ ಅದು ಬಹಳ ಹಿಂದೆ ಬರುತ್ತದೆಂಬುದು ಸಂಸ್ಥೆಗಳ ಕಾರ್ಯದರ್ಶಿಗಳಿಗೆ ಗೊತ್ತಿರುವ ಇನ್ನೊಂದು ಅರ್ಥ.) ಕಾರ್ಯವನ್ನು ಚಿಕ್ಕ ಪ್ರಮಾಣದಲ್ಲಿಯಾದರೂ ಮೊದಲು ನಡೆಸಿ ತೋರಿಸಿದ ಸಂಸ್ಥೆಗೇ ಇಂದಿನ ದಾನಸಂಸ್ಥೆಗಳು ಕಿವಿಗೊಡುತ್ತವೆ. ಮುಂಬಯಿಯಲ್ಲಿ 1990ರ ದಶಕದ ನಡುವಿನಲ್ಲಿ ಹುಟ್ಟಿದ 'ಪ್ರಥಮ್' ಸಂಸ್ಥೆಯು ಕೊಳಚೆ ಪ್ರದೇಶಗಳಲ್ಲಿ ಬಾಲವಾಡಿಗಳನ್ನು ಆರಂಭಿಸಿದಾಗ ಕಟ್ಟಡಕ್ಕಾಗಿ ಕಾಯಲಿಲ್ಲ. ಗುಡಿಯ ಜಗಲಿ, ಮನೆಯ ಪಡಸಾಲೆ, ಸಿಕ್ಕಿದ ನೆರಳಿನಲ್ಲಿ ಸ್ಥಳೀಯ ಯುವತಿಯರಿಂದಲೇ ಪಾಠ ನಡೆಸಿತು. ವಾರದ ದಿನಗಳಲ್ಲಿ ಬೆಳಗಿನ ಹೊತ್ತು ಬೀಗ ಹಾಕಿಕೊಂಡಿರುವ ಕಲ್ಯಾಣ ಮಂಟಪಗಳೂ ಪ್ರಸಾದ ನಿಲಯಗಳ ಭೋಜನಶಾಲೆಗಳೂ ಮಠಗಳ ಆಶ್ರಯದಲ್ಲಿ ಎಷ್ಟಿಲ್ಲ?

ಇಂದು ಹೆಚ್ಚು ಕೇಳಿಬರುವ ಮಾತು ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ನಿಧಿ. 2013ರ ಕಂಪನಿಗಳ ಅಧಿನಿಯಮದ 135ನೆಯ ಪ್ರಕರಣದಂತೆ, ನಿಗದಿತ ಮಿತಿಗಿಂತ ದೊಡ್ಡವಾದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇಕಡಾ 2ರಷ್ಟನ್ನು ಲೋಕೋಪಯೋಗಿ ಕಾರ್ಯಗಳಿಗೆ ವೆಚ್ಚ ಮಾಡಬೇಕು. ಶಿಕ್ಷಣವೂ ಅಪೌಷ್ಟಿಕತೆಯ ನಿವಾರಣೆಯೂ ಆ ಕಾರ್ಯಗಳ ಪಟ್ಟಿಯಲ್ಲಿರುವುದರಿಂದ ಶಿಶುವಿಹಾರವು ಎರಡು ಬಾಗಿಲುಗಳಿಂದಲೂ ಒಳಹೋಗಬಹುದು. ಇದಕ್ಕೆ ಸಂಸ್ಥೆಯು ಕಂಪನಿ ವ್ಯವಹಾರಗಳ ಮಂತ್ರಾಲಯದಲ್ಲಿ ನೋಂದಾಯಿತವಾಗಿರಬೇಕು, ಆದಾಯ ತೆರಿಗೆಯ ನೋಂದಣಿಗಳು ಊರ್ಜಿತವಾಗಿರಬೇಕು, ಕನಿಷ್ಠ ಮೂರು ವರ್ಷಗಳ ಕಾರ್ಯಾನುಭವವನ್ನು ತೋರಿಸಬೇಕು. ಶಾಲೆ ಹಳೆಯದೆಂಬ ಕೀರ್ತಿಯನ್ನೇ ನೆಚ್ಚಿ ಈ ಕಾಗದಪತ್ರಗಳನ್ನು ಅಲಕ್ಷಿಸಿದರೆ ಕೀರ್ತಿಯು ಕಚೇರಿಯ ಮೆಟ್ಟಿಲು ಹತ್ತದು.

ಆದರೆ ಈ ನಿಧಿಯ ಸ್ವಭಾವವನ್ನು ಅರಿತಿರಬೇಕು. ಒಂದು ಯೋಜನೆಯನ್ನು ಆರಂಭದ ವರ್ಷವನ್ನು ಬಿಟ್ಟು ಮೂರು ವರ್ಷಗಳಿಗೆ ಮೀರದಂತೆ ನಡೆಸುವುದು ಅದರ ನಿಯಮ. ಮೂರು ವರ್ಷದ ಹಣವನ್ನು ನೆಚ್ಚಿ ನಾಲ್ಕು ಜನ ಉಪಾಧ್ಯಾಯಿನಿಯರನ್ನು ನೇಮಿಸಿ, ನೂರು ಮಕ್ಕಳನ್ನು ಸೇರಿಸಿಕೊಂಡು, ಆ ಬಳಿಕ ಬಾಗಿಲು ಮುಚ್ಚುವುದಾದರೆ ಆರಂಭಿಸದಿರುವುದೇ ಲೇಸು. ಹಿಂದಿನ ವರ್ಷ ಬಂದ ಟೀಚರಮ್ಮ ಈ ವರ್ಷ ಏಕೆ ಬರಲಿಲ್ಲವೆಂದು ಮೂರು ವರ್ಷದ ಮಗುವು ಕೇಳಿದರೆ, ಯೋಜನೆಯ ಅವಧಿ ಮುಗಿಯಿತೆಂಬ ಉತ್ತರ ಅದಕ್ಕೆ ಅರ್ಥವಾಗದು. ಆದುದರಿಂದ ಕಂಪನಿಯ ದ್ರವ್ಯವನ್ನು ಒಮ್ಮೆ ಮಾಡಿ ಮುಗಿಸಬಹುದಾದ ಕೆಲಸಗಳಿಗೆ, ಎಂದರೆ ಶೌಚಾಲಯ, ಕುಡಿಯುವ ನೀರು, ಅಡಿಗೆಮನೆ, ಉಪಾಧ್ಯಾಯಿನಿಯರ ತರಬೇತಿ, ಮಕ್ಕಳ ಪುಸ್ತಕ ಇವುಗಳಿಗೆ ಮೀಸಲಿಡುವುದು ವಿವೇಕ. ವೇತನಕ್ಕೆ ಬೇರೆಯ ಆಸರೆ ಬೇಕು.

ಪರದೇಶಗಳಲ್ಲಿ ನೆಲಸಿರುವ ಹಳೆಯ ವಿದ್ಯಾರ್ಥಿಗಳ ವಿಷಯದಲ್ಲಿಯೂ ಒಂದು ಎಚ್ಚರಿಕೆ ಅವಶ್ಯ. ಭಾರತದ ಪೌರತ್ವವನ್ನು ಉಳಿಸಿಕೊಂಡವರು ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳುಹಿಸುವ ಹಣವು ವಿದೇಶೀ ವಂತಿಗೆಯೆನಿಸದು. ಆದರೆ ಅನ್ಯದೇಶದ ಪೌರತ್ವವನ್ನು ಪಡೆದವರು, ಅವರು ಇದೇ ಊರಿನಲ್ಲಿ ಹುಟ್ಟಿ ಇದೇ ಶಾಲೆಯಲ್ಲಿ ಓದಿದವರಾದರೂ, ಕಾನೂನಿನ ದೃಷ್ಟಿಯಲ್ಲಿ ವಿದೇಶೀಯರು. ಅವರಿಂದ ಹಣ ಪಡೆಯಲು ವಿದೇಶೀ ವಂತಿಗೆ ನಿಯಂತ್ರಣ ಅಧಿನಿಯಮದಂತೆ ನೋಂದಣಿ ಅಥವಾ ಪೂರ್ವಾನುಮತಿ ಬೇಕು. 2020ರ ತಿದ್ದುಪಡಿಯ ತರುವಾಯ ಆ ಹಣವು ಸ್ಟೇಟ್ ಬ್ಯಾಂಕಿನ ನವದೆಹಲಿಯ ಮುಖ್ಯ ಶಾಖೆಯ ಖಾತೆಗೇ ಮೊದಲು ಬರಬೇಕು. ಪ್ರೀತಿಯಿಂದ ಕೊಟ್ಟ ಹಣವು ಸಂಸ್ಥೆಗೆ ತೊಡಕನ್ನು ತರಬಾರದಷ್ಟೆ.

ವೇತನದ ಆಸರೆಯೆಂದರೆ ಶಾಶ್ವತ ನಿಧಿ. ಲೆಕ್ಕಕ್ಕಾಗಿ ನಲವತ್ತು ಮಕ್ಕಳ ಒಂದು ಉಚಿತ ಶಿಶುವಿಹಾರವನ್ನು ಭಾವಿಸಬಹುದು. ಇಬ್ಬರು ಉಪಾಧ್ಯಾಯಿನಿಯರಿಗೆ ತಿಂಗಳಿಗೆ ತಲಾ 15,000, ಒಬ್ಬ ಆಯಾಗೆ 10,000 ರೂಪಾಯಿಗಳಂತೆ ವರ್ಷಕ್ಕೆ 4,80,000 ಆಗುತ್ತದೆ. ಮಗುವೊಂದಕ್ಕೆ ದಿನಕ್ಕೆ 10 ರೂಪಾಯಿಯ ಹಾಲು ಹಣ್ಣುಗಳೆಂದರೆ 220 ದಿನಗಳಿಗೆ 88,000. ಆಟದ ಸಾಮಗ್ರಿ, ಸುಣ್ಣಬಣ್ಣ, ಔಷಧಕ್ಕೆ 32,000. ಒಟ್ಟು ಆರು ಲಕ್ಷ. ಮಗುವೊಂದಕ್ಕೆ ವರ್ಷಕ್ಕೆ 15,000. ಶೇಕಡಾ 6ರ ಬಡ್ಡಿಯಲ್ಲಿ ಇಷ್ಟು ಹುಟ್ಟಬೇಕಾದರೆ ಒಂದು ಕೋಟಿ ರೂಪಾಯಿಗಳ ಇಡುಗಂಟು ಬೇಕು, ಬೆಲೆಯೇರಿಕೆಗೆ ಇನ್ನಷ್ಟು. ಈ ಸಂಖ್ಯೆಯನ್ನು ಕೇಳಿ ಬೆಚ್ಚುವವರು, ಒಂದು ಸಮುದಾಯ ಭವನಕ್ಕೆ ಇಂದು ಎಷ್ಟು ತಗಲುವುದೆಂದು ಗುತ್ತಿಗೆದಾರರನ್ನು ಕೇಳಿ ನೋಡಬೇಕು. ಮೇಲಾಗಿ ಕೋಟಿಯನ್ನು ಒಬ್ಬರೇ ಕೊಡಬೇಕಾಗಿಲ್ಲ. ವರ್ಷಕ್ಕೆ 15,000 ರೂಪಾಯಿಗಳನ್ನು ಬಿಡದೆ ಕೊಡುವ ನಲವತ್ತು ಮನೆತನಗಳಿದ್ದರೆ ಆ ಇಡುಗಂಟು ಕೂಡುವವರೆಗೂ ಶಿಶುವಿಹಾರ ನಡೆಯುತ್ತದೆ.

ಕಟ್ಟಡಕ್ಕಿಂತ ಉತ್ಪತ್ತಿಯನ್ನು ದಾನ ಮಾಡುವುದು ಈ ಸಮಾಜಕ್ಕೆ ಹೊಸದೇನಲ್ಲ. ಸಿರಸಂಗಿಯ ಲಿಂಗರಾಜ ದೇಸಾಯಿಯವರು (1861–1906) ತಮ್ಮ ಸಂಸ್ಥಾನದ ಆಸ್ತಿಯನ್ನು ಮರಣಶಾಸನದ ಮೂಲಕ ವಿದ್ಯಾಭಿವೃದ್ಧಿಗೆ ಬಿಟ್ಟುಹೋದರು. ಆ ನಿಧಿಯ ಉತ್ಪತ್ತಿಯಿಂದ ವಿದ್ಯಾರ್ಥಿವೇತನ ಪಡೆದು ಓದಿದವರ ಪರಂಪರೆ ದೊಡ್ಡದು. 1916ರಲ್ಲಿ ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ಎಜ್ಯುಕೇಶನ್ ಸೊಸೈಟಿಯನ್ನು ಸ್ಥಾಪಿಸಿದ ಏಳು ಜನರು ಮೊದಲಿಗೆ ಕೊಟ್ಟದ್ದು ತಮ್ಮ ದುಡಿಮೆಯನ್ನು. ಸಿದ್ಧಗಂಗೆಯ ದಾಸೋಹದಲ್ಲಿ ಸಹಸ್ರಾರು ಮಕ್ಕಳು ದಿನನಿತ್ಯ ಉಣ್ಣುತ್ತಿರುವುದು ಯಾವುದೋ ಒಂದು ದೊಡ್ಡ ದಾನದಿಂದಲ್ಲ; ಸುಗ್ಗಿಸುಗ್ಗಿಗೂ ಭಕ್ತರು ತಂದು ಸುರಿಯುವ ರಾಗಿ, ಬೇಳೆ, ತರಕಾರಿಗಳಿಂದ. ವರುಷವರುಷವೂ ಕೊಡುವ ಅಭ್ಯಾಸವು ಇಲ್ಲಿಯ ರಕ್ತದಲ್ಲಿಯೇ ಇದೆ. ಅದು ಪ್ರಸಾದ ನಿಲಯದ ಬಾಗಿಲಿನಲ್ಲಿ ನಿಂತಿದೆ. ಶಿಶುವಿಹಾರದ ಬಾಗಿಲಿಗೆ ಇನ್ನೂ ಬಂದಿಲ್ಲ.

ಅಂಗನವಾಡಿಯಿರುವಾಗ ಮಠಕ್ಕೇಕೆ ಈ ಗೋಜು, ಇದು ಸರಕಾರದ ಹೊಣೆಯಲ್ಲವೇ ಎಂಬ ಆಕ್ಷೇಪ ಬರಬಹುದು. ಹೊಣೆ ಸರಕಾರದ್ದೇ, ಅದನ್ನು ನೆನಪಿಸುತ್ತಿರುವುದೂ ನಾಗರಿಕರ ಕರ್ತವ್ಯವೇ. ಆದರೆ ಗೋಡೆಯಾಚೆಗಿನ ಅಂಗನವಾಡಿಯೊಡನೆ ಸ್ಪರ್ಧಿಸಬೇಕೆಂದು ಇಲ್ಲಿ ಹೇಳುತ್ತಿಲ್ಲ. ಇಲಾಖೆಯ ಒಪ್ಪಿಗೆ ಪಡೆದು ಅದಕ್ಕೆ ಗಾಳಿಬೆಳಕಿನ ಕೋಣೆಯೊಂದನ್ನು ಬಿಟ್ಟುಕೊಡುವುದು, ಕಾರ್ಯಕರ್ತೆಯು ದಾಖಲೆ ಬರೆಯುವಾಗ ಮಕ್ಕಳಿಗೆ ಕಥೆ ಹೇಳಲು ಒಬ್ಬ ಉಪಾಧ್ಯಾಯಿನಿಯನ್ನು ಸಂಸ್ಥೆಯ ವೆಚ್ಚದಿಂದ ಕಳುಹಿಸುವುದು, ಇಬ್ಬರಿಗೂ ಒಟ್ಟಿಗೆ ತರಬೇತಿ ಕೊಡಿಸುವುದು ಇವು ಹೊಸ ಎಲ್.ಕೆ.ಜಿ. ತೆರೆಯುವುದಕ್ಕಿಂತ ಅಗ್ಗವೂ ಹೌದು, ಹೆಚ್ಚು ಮಕ್ಕಳಿಗೆ ಮುಟ್ಟುವಂಥವೂ ಹೌದು. ಶುಲ್ಕ ಕೊಡುವವರ ಮಕ್ಕಳಿಗೂ ಈ ಕನ್ನಡದ ಕಥೆ ಹಾಡುಗಳು ಬೇಡವೆಂದಲ್ಲ. ಮನೆಯಲ್ಲಿ ಕೇಳಿದ ನುಡಿಯಲ್ಲಿಯೇ ಮೊದಲ ಪಾಠವೆಂಬುದನ್ನು 2020ರ ನೀತಿಯೂ ಒಪ್ಪಿದೆ.

ಅರ್ಜಿಯನ್ನು ಹೇಗೆ ಬರೆಯಬೇಕೆಂಬುದು ಕೊನೆಯ ಮಾತು. ಅಮೆರಿಕದ ಮಿಶಿಗನ್ ಪ್ರಾಂತದ ಇಪ್ಸಿಲಾಂಟಿಯಲ್ಲಿ 1962ರಲ್ಲಿ ಆರಂಭವಾದ ಪೆರಿ ಶಿಶುಶಾಲೆಯ ಪ್ರಯೋಗದಲ್ಲಿ ಇದ್ದ ಮಕ್ಕಳು 123. ಅವರನ್ನು ನಡುವಯಸ್ಸಿನವರೆಗೂ ಬೆಂಬಿಡದೆ ಗಮನಿಸಿದ ಫಲವಾಗಿ, ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಕ ಪಡೆದ ಜೇಮ್ಸ್ ಹೆಕ್ಮನ್ನರು ಆ ಶಾಲೆಗೆ ವಿನಿಯೋಗಿಸಿದ ಹಣಕ್ಕೆ ವರ್ಷಕ್ಕೆ ಶೇಕಡಾ 7ರಿಂದ 10ರಷ್ಟು ಪ್ರತಿಫಲವುಂಟೆಂದು ಲೆಕ್ಕ ಹಾಕಿದರು. ಪರದೇಶದ ಲೆಕ್ಕವನ್ನು ಇಲ್ಲಿಗೆ ಹಾಗೆಯೇ ಎತ್ತಿಡಲಾಗದು. ಅನುಕರಿಸತಕ್ಕದ್ದು ಅವರ ದಾಖಲೆಯ ಶಿಸ್ತನ್ನು. ನಲವತ್ತು ಮಕ್ಕಳಲ್ಲಿ ಎಷ್ಟು ಮಂದಿ ದಿನವೂ ಬಂದರು, ತೂಕ ಎಷ್ಟು ಏರಿತು, ಕಥೆಯೊಂದನ್ನು ತಿರುಗಿ ಹೇಳಬಲ್ಲವರು ಎಷ್ಟು, ಅವರಲ್ಲಿ ಎಷ್ಟು ಮಂದಿ ನಾಲ್ಕನೆಯ ತರಗತಿಯಲ್ಲಿಯೂ ಶಾಲೆಯಲ್ಲಿದ್ದಾರೆ ಎಂಬುದನ್ನು ಒಂದು ಪುಸ್ತಕದಲ್ಲಿ ಐದು ವರ್ಷ ಬರೆದಿಟ್ಟ ಶಾಲೆಯ ಅರ್ಜಿಗೂ, ಭಾವಪೂರ್ಣವಾದ ಬಿನ್ನಹ ಪತ್ರಕ್ಕೂ ಅಜಗಜಾಂತರ. ಆ ಪುಸ್ತಕಕ್ಕೆ ಬೇಕಾದದ್ದು ಇನ್ನೂರು ಪುಟದ ಒಂದು ರಿಜಿಸ್ಟರು, ಬರೆಯುವ ಒಬ್ಬ ಉಪಾಧ್ಯಾಯಿನಿ. ಬರುವ ಜೂನ್ ತಿಂಗಳಲ್ಲಿ ಶಾಲೆ ಆರಂಭವಾದ ದಿನವೇ ಅದನ್ನು ತೆರೆಯಬಹುದು. ಅದಕ್ಕೆ ಯಾರ ಅನುದಾನಕ್ಕೂ ಕಾಯಬೇಕಾಗಿಲ್ಲ.